ಕೈ ಇಡಲಾ?

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಮೇಲೆ ಕತ್ತರಿಯಣ್ಣ ಮೊದಲು ಮಾಡುವ ಕೆಲಸ ಕಸ ಗುಡಿಸುವುದೂ ಅಲ್ಲ, ಕನ್ನಡಿ ಒರೆಸುವುದೂ ಅಲ್ಲ. ಬಾಗಿಲ ಹತ್ತಿರದ ಹಳೆಯ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಾನೆ. ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಆದರೂ ಕೂತವರ ತಲೆ ಎಲ್ಲಿರಬೇಕೋ ಅಲ್ಲಿಯವರೆಗೆ ಕೈ ಒಯ್ದು, ಹಾಗೇ ತಡೆದು, ಮೆಲ್ಲಗೆ ಕೇಳುತ್ತಾನೆ: "ಕೈ ಇಡಲಾ?"

ಇದು ಅವನ ಅಪ್ಪ ಕಲಿಸಿದ್ದು. ಅಪ್ಪನೂ ಇದೇ ಕುರ್ಚಿಯ ಹಿಂದೆ ನಿಂತು ಜೀವನ ಕಳೆದವನು. "ದೇವರು ಒಬ್ಬೊಬ್ಬರಿಗೆ ಒಂದೇ ತಲೆ ಕೊಟ್ಟಿದ್ದಾನೆ ಮಗಾ. ಅದನ್ನ ನಂಬಿ ನಮ್ಮ ಕೈಗೆ ಕೊಡ್ತಾರೆ. ಕೇಳದೆ ಮುಟ್ಟಬೇಡ," ಎನ್ನುತ್ತಿದ್ದ. ಕೇಳುವ ಅಭ್ಯಾಸ ತಪ್ಪದಿರಲಿ ಎಂದು ದಿನಾ ಖಾಲಿ ಕುರ್ಚಿಗೇ ಮೊದಲು ಕೇಳಿಸುತ್ತಿದ್ದ. ಅಪ್ಪ ಹೋದ. ಮಾತು ಉಳಿಯಿತು. ಜ್ವರವಿರಲಿ, ಜಗಳವಿರಲಿ, ಕತ್ತರಿಯಣ್ಣ ಅದನ್ನು ಬಿಟ್ಟವನಲ್ಲ. ಎಷ್ಟೋ ಜನರ ಪ್ರಾರ್ಥನೆಯಲ್ಲಿ ಇಲ್ಲದ ವಿನಯ ಆ ಎರಡು ಶಬ್ದದಲ್ಲಿತ್ತು ಎಂದು ನನಗೆ ಅನಿಸುತ್ತದೆ.

ಪಕ್ಕದ ಕುರ್ಚಿ ತಮ್ಮನದು. ಅವನಿಗೆ ಅಣ್ಣನನ್ನು ಕೆಣಕದಿದ್ದರೆ ಬೆಳಗಾಗುವುದಿಲ್ಲ.

"ಏನಣ್ಣಾ, ಕುರ್ಚಿ ಒಪ್ಕೊಂಡ್ತಾ?"

"ಒಪ್ಕೊಂಡ್ತು. ನಿನ್ನ ಮೇಲೆ ದೂರೂ ಹೇಳ್ತು. ಬಟ್ಟೆ ಸರಿಯಾಗಿ ಕೊಡವಲ್ವಂತೆ."

ಗಿರಾಕಿಗಳಿಗೂ ಇದು ತಮಾಷೆಯೇ. "ನಾನು ಹುಡುಗ ಆಗಿದ್ದಾಗಿಂದ ಕೈ ಇಡ್ತಿದ್ದೀಯ, ಇನ್ನೂ ಕೇಳ್ತೀಯಲ್ಲೋ ಮಾರಾಯ," ಎನ್ನುತ್ತಿದ್ದರು. ಅವನು ನಗುತ್ತಿದ್ದ. ಆದರೆ ಅವರು "ಹೂಂ" ಎನ್ನುವ ತನಕ ಕೈ ಗಾಳಿಯಲ್ಲೇ ಇರುತ್ತಿತ್ತು.

ಆ ಕುರ್ಚಿಯ ಹಿಂದೆ ನಿಂತು ಅವನು ಕೇಳಿಸಿಕೊಂಡ ಮಾತುಗಳಿಗೆ ಕೊನೆ ಮೊದಲಿಲ್ಲ. ಅವನ ಕೊರಗೂ ಅದೇ ಆಗಿತ್ತು: ಮೊದಲು ಸಿಗುತ್ತಿತ್ತು, ಕೊನೆ ಸಿಗುತ್ತಿರಲಿಲ್ಲ. ಕೂದಲು ಮುಗಿದ ಕೂಡಲೇ ಮಾತೂ ಮುಗಿದುಹೋಗುತ್ತದೆ. ಒಬ್ಬನ ಕೋರ್ಟ್ ಕೇಸು ತೀರ್ಪಿನ ಹಿಂದಿನ ದಿನಕ್ಕೆ ನಿಂತಿರುತ್ತದೆ. ಇನ್ನೊಬ್ಬನ ಮಗಳು ಹುಡುಗನನ್ನು ಒಪ್ಪಿದಳೋ ಬಿಟ್ಟಳೋ ಎನ್ನುವಷ್ಟರಲ್ಲಿ ಅಪ್ಪ ಕಾಲರ್ ಕೊಡವಿಕೊಂಡು ಎದ್ದಿರುತ್ತಾನೆ. ಮುಂದಿನ ಸಲ ಬಂದಾಗ ಹೊಸ ಮಾತು. ಹೀಗೆ ಅವನ ತಲೆಯ ತುಂಬ ಬಾಲವಿಲ್ಲದ ಕಥೆಗಳು.

ಎಲ್ಲರಿಗಿಂತ ಹೆಚ್ಚು ಕಾಡಿಸಿದವರು ಇತಿಹಾಸದ ಮೇಷ್ಟ್ರು. ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುವವರು, ಒಳ್ಳೆಯವರು, ಮಾತಿನ ಮಲ್ಲರು. ಅವರಿಗೊಂದು ಪ್ರಿಯವಾದ ಯುದ್ಧವಿತ್ತು. ಒಬ್ಬ ರಾಜ ಸತ್ತಿದ್ದಾನೆ, ಅಣ್ಣ ತಮ್ಮ ಇಬ್ಬರೂ ಸಿಂಹಾಸನಕ್ಕಾಗಿ ಹೊಳೆಯ ಆಚೆ ಈಚೆ ಸೈನ್ಯ ತಂದು ನಿಲ್ಲಿಸಿದ್ದಾರೆ. ಕುರ್ಚಿಯಲ್ಲಿ ಕೂತರೆ ಸಾಕು, ಅಲ್ಲಿಂದಲೇ ಶುರು. ಆದರೆ ಮೇಷ್ಟ್ರ ತಲೆಯಲ್ಲಿ ಕೂದಲಿದ್ದದ್ದೇ ಅಷ್ಟಕ್ಕಷ್ಟೆ. ಸೈನ್ಯ ಹೊಳೆಗೆ ಇಳಿಯುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಮುಂದಿನ ಸಲ ಬಂದರೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಅವರಿಗೆ ಮರೆತು, ರಾಜ ಮತ್ತೆ ಸಾಯುತ್ತಿದ್ದ.

"ಕೊನೆಗೆ ಗೆದ್ದೋರು ಯಾರು ಮೇಷ್ಟ್ರೇ?" ಎಂದು ಒಮ್ಮೆ ಕತ್ತರಿಯಣ್ಣ ತಡೆಯಲಾರದೆ ಕೇಳಿಯೇಬಿಟ್ಟ.

"ಅದನ್ನ ತಿಳ್ಕೋಬೇಕು ಅಂದ್ರೆ ಕಾಲೇಜಿಗೆ ಬಾ!" ಎಂದು ಮೇಷ್ಟ್ರು ನಕ್ಕು ಎದ್ದು ಹೋದರು.

ಅವರು ಹೇಳಿದ್ದು ತಮಾಷೆಗೆ. ಇವನಿಗೆ ನಾಟಿತು. ಅವನು ಕಾಲೇಜಿನ ಮೆಟ್ಟಿಲು ಕಂಡವನೇ. ಮೊದಲ ವರ್ಷ ಓದುತ್ತಿರುವಾಗ ಅಪ್ಪನ ಕೈ ನಡುಗಲು ಶುರುವಾಗಿತ್ತು. ನಡುಗುವ ಕೈಗೆ ಯಾರು ತಲೆ ಕೊಡುತ್ತಾರೆ? ಚೀಲ ಮೊಳೆಗೆ ನೇತುಹಾಕಿ ಕತ್ತರಿ ಹಿಡಿದಿದ್ದ. ಈಗ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ತಮ್ಮನ ಕೈ ಪಳಗಿದೆ, ತನ್ನ ಮೀಸೆ ನರೆತಿದೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಹೆಂಡತಿ, ಮತ್ತೆ ಕಾಲೇಜಿಗೆ ಸೇರುತ್ತೇನೆಂಬ ಅವನ ಮಾತು ಕೇಳಿ, "ಹೋಗ್ರಿ. ಮನೇಲೂ ಅರ್ಧ ಕಥೆನೇ ಹೇಳ್ತೀರ. ನನಗೂ ಸಾಕಾಗಿದೆ," ಎಂದಳು.

ಕಾಲೇಜಿನ ಕಮಿಟಿಯವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಈ ವಯಸ್ಸಿನವರು ಮಕ್ಕಳ ಜೊತೆ ಕೂತರೆ ಸರಿಹೋಗುತ್ತದೆಯೇ ಎಂದು ರಾಗ ಎಳೆದರು. ಮೇಷ್ಟ್ರು ಮಧ್ಯೆ ಬಾಯಿ ಹಾಕಿದ ಮೇಲೆ, "ಒಂದು ವರ್ಷ ನೋಡೋಣ, ಆದ್ರೆ ಮಕ್ಕಳ ಕಡೆಯಿಂದ ಒಂದು ದೂರು ಬಂದ್ರೂ ಸೀಟು ಇಲ್ಲ," ಎಂದು ಹೇಳಿ ಸೇರಿಸಿಕೊಂಡರು. ಬೆಳಗಿನ ತರಗತಿ ಅವನಿಗೆ, ಬೆಳಗಿನ ಗಿರಾಕಿ ತಮ್ಮನಿಗೆ ಎಂದಾಯಿತು.

ಮೊದಲ ದಿನ ಬಾಗಿಲಲ್ಲಿ ನಿಂತಾಗ ಒಬ್ಬ ಹುಡುಗ ಅವನನ್ನು ರಿಪೇರಿಗೆ ಬಂದವನೆಂದುಕೊಂಡು, "ಆ ಮೂಲೆ ಫ್ಯಾನ್ ಅಂಕಲ್, ಅದೇ ಕಿರ್ ಅನ್ನೋದು," ಎಂದು ಬೆರಳು ತೋರಿಸಿದ. ಕತ್ತರಿಯಣ್ಣ ಫ್ಯಾನನ್ನೊಮ್ಮೆ ನೋಡಿ, "ಹೌದಪ್ಪ, ಸದ್ದು ಜಾಸ್ತಿನೇ ಇದೆ," ಎಂದು ಅದರ ಕೆಳಗಿನ ಕೊನೆಯ ಬೆಂಚಿನಲ್ಲಿ ಕೂತುಬಿಟ್ಟ.

ಆ ಕೊನೆಯ ಬೆಂಚೇ ಅವನಿಗೆ ಕೋಟೆಯಾಯಿತು. ಜನ್ಮವಿಡೀ ಇನ್ನೊಬ್ಬರ ಬೆನ್ನ ಹಿಂದೆ ನಿಂತವನಿಗೆ ತನ್ನ ಬೆನ್ನ ಹಿಂದೆ ಯಾರಾದರೂ ಇದ್ದರೆ ಉಸಿರು ಕಟ್ಟುತ್ತಿತ್ತು. ನೆತ್ತಿಯ ಬೋಳನ್ನು ಇಷ್ಟೊಂದು ಎಳೆಯ ಕಣ್ಣುಗಳು ನೋಡುತ್ತವಲ್ಲ ಎನ್ನುವ ನಾಚಿಕೆ ಬೇರೆ. ಕನ್ನಡಿಯ ಮುಂದೆ ಬದುಕಿದವನಾದರೂ ತನ್ನ ನೆತ್ತಿಯನ್ನು ಅವನು ಬೇಕೆಂದೇ ನೋಡಿಕೊಂಡಿರಲಿಲ್ಲ.

ಹಿಂದಿನಿಂದ ಅವನಿಗೆ ತರಗತಿ ಎಂದರೆ ತಲೆಗಳ ಸಾಲು. ಹೆಸರು ತಿಳಿಯುವ ಮೊದಲೇ ಸುಳಿಗಳು ತಿಳಿದವು. ಜೋಡಿ ಸುಳಿಯವನು ಗಲಾಟೆಯವನು. ಎಡಕ್ಕೆ ತಿರುಗಿದ ಸುಳಿಯವಳು ದಿನಾ ತಡವಾಗಿ ಬರುವವಳು. ಬಾಗಿಲ ಕಡೆಯ ಬೆಂಚಿನಲ್ಲಿ ಯಾವಾಗಲೂ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಒಬ್ಬಳೇ ಕೂರುವ ಹುಡುಗಿಯೊಬ್ಬಳಿದ್ದಳು. ಅವಳ ತಲೆ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಆ ದಿನ ಬಂತು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಉದ್ದಕ್ಕೆ ಹೊಳೆ ಬರೆದರು. ಆಚೆ ಅಣ್ಣನ ಸೈನ್ಯ, ಈಚೆ ತಮ್ಮನ ಸೈನ್ಯ. ಕತ್ತರಿಯಣ್ಣ ಬೆಂಚಿನ ತುದಿಗೆ ಜರುಗಿ ಕೂತ. ಇಲ್ಲಿ ಕೂದಲು ಮುಗಿಯುವ ಭಯವಿಲ್ಲ! ಬೆಳಗಿನ ಜಾವ ತಮ್ಮನ ಸೈನ್ಯ ಹೊಳೆಗೆ ಇಳಿಯಿತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಮೇಷ್ಟ್ರು ಬಾಣದ ಗುರುತು ಎಳೆದರು. ಅಷ್ಟರಲ್ಲಿ, ಅವನ ಮುಂದಿನ ಬೆಂಚಿಗೆ ಅಂದು ಹೊಸದಾಗಿ ಬಂದು ಕೂತಿದ್ದ ತಲೆಯೊಂದು ಅಡ್ಡ ಬಂತು. ಬಾಣ ಕಾಣಲಿಲ್ಲ. ಮೋಟು ಕೂದಲಿನ ತಲೆ, ಕತ್ತಿನ ಹತ್ತಿರ ಅಂಕುಡೊಂಕು. ಇವನು ಬಲಕ್ಕೆ ವಾಲಿದ, ಅದೂ ವಾಲಿತು. ಎಡಕ್ಕೆ ಸರಿದ, ಅದೂ ಸರಿಯಿತು.

ಕಣ್ಣು ಹಲಗೆಯ ಮೇಲೇ ಇತ್ತು. ಮನಸ್ಸು ಹೊಳೆಯಲ್ಲಿತ್ತು. ಕೈ ಮಾತ್ರ ತನ್ನಷ್ಟಕ್ಕೆ ಎದ್ದು, ಎರಡು ಬೆರಳನ್ನು ಆ ತಲೆಯ ಮೇಲಿಟ್ಟು, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಒಂದಿಷ್ಟು ಓರೆ ಮಾಡಿತು. ಅಂಗಡಿಯಲ್ಲಿ ದಿನವೂ ಮಾಡುವ ಹಾಗೆಯೇ. ತಲೆಯೂ ಒಂದು ಕ್ಷಣ ಹೇಳಿದ ಹಾಗೆ ಕೇಳಿತು. ಬಾಣ ಕಂಡಿತು.

ಆಮೇಲೆ ಚೀತ್ಕಾರ.

ತಿರುಗಿದ ಮುಖ ಸ್ಕಾರ್ಫಿನ ಹುಡುಗಿಯದು. ಕತ್ತರಿಯಣ್ಣನ ಬೆರಳುಗಳು ಇನ್ನೂ ಗಾಳಿಯಲ್ಲೇ ಇದ್ದವು. ಇಡೀ ತರಗತಿ ಗೊಳ್ಳೆಂದು ನಕ್ಕಿತು. "ಅಂಕಲ್ ಕಟಿಂಗ್ ಶುರು ಮಾಡಿದ್ರು," ಎಂದಿತು ಜೋಡಿ ಸುಳಿ. "ಅದಕ್ಕೆ ಅಷ್ಟು ಜೋರಾಗಿ ಕಿರಚೋದಾ?" ಎಂದಳು ಇನ್ನೊಬ್ಬಳು. ಹುಡುಗಿ ಚೀಲ ಬಾಚಿಕೊಂಡು ಓಡಿಹೋದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಯುದ್ಧ ಮತ್ತೆ ಹೊಳೆಯ ನಡುವೆ ನಿಂತಿತು.

ಮನೆಗೆ ಬಂದವನ ಮುಖ ನೋಡಿಯೇ ಹೆಂಡತಿ ತಟ್ಟೆಯನ್ನು ಪಕ್ಕಕ್ಕಿಟ್ಟು ಕೂತಳು. ಅವನು ಎಲ್ಲವನ್ನೂ ಹೇಳಿದ. ಈ ಸಲ ಅರ್ಧ ಬಿಡಲಿಲ್ಲ. ಸ್ಕಾರ್ಫ್ ಇರಲಿಲ್ಲ, ಗೊತ್ತಾಗಲಿಲ್ಲ, ಹುಡುಗನ ತಲೆ ಅಂದುಕೊಂಡೆ, ಕೈ ತಾನೇ ಹೋಯಿತು ಎಂದೆಲ್ಲ ಹೇಳಿದ.

"ಕೇಳಿದ್ರಾ?" ಎಂದಳು ಅವಳು.

"ಏನನ್ನ?"

"ಕೈ ಇಡಲಾ ಅಂತ."

ಅಲ್ಲಿಯವರೆಗೆ ಅವನನ್ನು ಸುಡುತ್ತಿದ್ದದ್ದು ನಗು, ಅವಮಾನ, ಸೀಟು ಹೋದೀತೆಂಬ ಅಂಜಿಕೆ. ಇದು ಅವನಿಗೆ ಹೊಳೆದೇ ಇರಲಿಲ್ಲ. ಕತ್ತರಿ ಹಿಡಿದಾಗಿನಿಂದ ಇದೇ ಮೊದಲು, ಕೇಳದೆ ಒಂದು ತಲೆ ಮುಟ್ಟಿದ್ದ.

"ಜ್ವರದಲ್ಲಿ ಕೂದಲು ಹೋದ ಹೆಣ್ಣುಮಕ್ಕಳನ್ನ ನಾನು ವಾರ್ಡಲ್ಲಿ ನೋಡಿದೀನಿ ಕಣ್ರೀ," ಎಂದಳು ಹೆಂಡತಿ ಮೆತ್ತಗೆ. "ಕನ್ನಡಿನ ಗೋಡೆ ಕಡೆ ತಿರುಗಿಸಿಡಿ ಆಯಾ ಅಂತಾರೆ. ಆ ಮಗು ಸ್ಕಾರ್ಫ್ ತೆಗೆದು ಬಂದಿದ್ದು ಇವತ್ತೇ ಮೊದಲು ಇರ್ಬೇಕು. ಎಷ್ಟು ಧೈರ್ಯ ಒಟ್ಟು ಮಾಡ್ಕೊಂಡು ಬಂದಿತ್ತೋ ಏನೋ."

ಅವಳ ಊಹೆ ಸುಳ್ಳಾಗಲಿಲ್ಲ. ಮರುದಿನ ಮೇಷ್ಟ್ರ ಕೋಣೆಗೆ ಕರೆ ಬಂದಾಗ ಹುಡುಗಿ ಅಲ್ಲಿದ್ದಳು, ಮತ್ತೆ ಸ್ಕಾರ್ಫ್ ಬಿಗಿದುಕೊಂಡು. ಪಕ್ಕದಲ್ಲಿ ಅವಳ ತಾಯಿ, ಇಸ್ತ್ರಿ ಅಂಗಡಿ ನಡೆಸುವ ಹೆಂಗಸು. ಅವಳ ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳಿದ್ದವು, ಮಾತೂ ಅಷ್ಟೇ ಬಿಸಿ.

"ಕೂದಲು ಉದುರಿದಾಗ ಇವಳು ಮಂಚ ಬಿಟ್ಟು ಏಳ್ತಿರ್ಲಿಲ್ಲ ಸಾರ್. ಬೇಡ್ಕೊಂಡು, ಬೈದು, ಕಾಲೇಜಿಗೆ ಕಳಿಸಿದೀನಿ. ನಿನ್ನೆ ತಾನೇ ತಾನಾಗಿ ಸ್ಕಾರ್ಫ್ ತೆಗೆದಿಟ್ಟು ಹೊರಟ್ಲು. ನಾನು ಬಾಗಿಲಲ್ಲಿ ನಿಂತು ದೇವರಿಗೆ ಕೈ ಮುಗಿದೆ. ಮಧ್ಯಾಹ್ನಕ್ಕೆ ನೋಡಿದ್ರೆ ಮತ್ತೆ ಮಂಚ! ಇವರು ಇರೋ ಕ್ಲಾಸಿಗೆ ನಾನು ಕಳಿಸಲ್ಲ. ಕಮಿಟಿಗೆ ಹೇಳೋದು ಹೇಳ್ತೀನಿ."

ಮೇಷ್ಟ್ರು ಗಡಿಬಿಡಿಯಿಂದ, "ಇವನು ಕ್ಷೌರದ ಕೆಲಸದವನಮ್ಮ. ಕೈಯ ಅಭ್ಯಾಸ ಅದು. ಹಿಂದಿನಿಂದ ಹುಡುಗನ ತಲೆ ಅಂತ..." ಎಂದು ಶುರು ಮಾಡಿದರು.

"ಹುಡುಗನ ತಲೆ ಆಗಿದ್ರೂ ಕೇಳ್ಬೇಕಿತ್ತು," ಎಂದ ಕತ್ತರಿಯಣ್ಣ. ಹುಡುಗಿಯ ಕಡೆ ತಿರುಗಿದ, ಮುಖ ನೋಡುವ ಧೈರ್ಯ ಸಾಲದೆ ಮೇಜಿನ ಅಂಚು ನೋಡುತ್ತ ಹೇಳಿದ: "ಕೇಳದೆ ಕೈ ಇಟ್ಟೆ ಕಣಮ್ಮಾ. ತಪ್ಪು ನನ್ನದು. ಅಭ್ಯಾಸದ್ದಲ್ಲ."

ಹುಡುಗಿ ಆಗ ಬಾಯಿ ಬಿಟ್ಟಳು. "ಆಸ್ಪತ್ರೇಲಿ ಹಾಗೇ ಮಾಡ್ತಿದ್ರು. ಬಂದೋರೆಲ್ಲ ತಲೆ ಹಿಡಿದು ತಿರುಗಿಸೋರು. ನಾನು ಅಂತ ಒಬ್ಬಳು ಒಳಗೆ ಇದೀನೋ ಇಲ್ವೋ, ಯಾರೂ ಕೇಳ್ತಿರ್ಲಿಲ್ಲ." ಅಷ್ಟು ಹೇಳಿ ತಾಯಿಯ ಸೆರಗು ಎಳೆದಳು. "ಕಮಿಟಿಗೆ ಈಗ್ಲೇ ಬೇಡಮ್ಮ. ಸೋಮವಾರದವರೆಗೆ ಯೋಚನೆ ಮಾಡ್ತೀನಿ."

ಕತ್ತರಿಯಣ್ಣನಿಗೆ ಆ ವಾರ ಅನ್ನ ರುಚಿಸಲಿಲ್ಲ. ಕಾಲೇಜಿನ ಕಡೆ ಹೋಗದೆ ಅಂಗಡಿಯಲ್ಲೇ ಇದ್ದ. ಗಿರಾಕಿಗಳಿಗೆ ಒಂದು ಸಲ ಕೇಳುವಲ್ಲಿ ಎರಡು ಸಲ ಕೇಳಿದ. "ಹೂಂ ಅಂದ್ನಲ್ಲಯ್ಯಾ, ಇನ್ನೇನು ಸೀಲ್ ಹಾಕಿ ಕೊಡ್ಲಾ?" ಎಂದು ಒಬ್ಬರು ರೇಗಿದರು. ತಮ್ಮ ಕೂಡ ಕೆಣಕುವುದನ್ನು ಬಿಟ್ಟ. ಅದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು.

ಶನಿವಾರ ಬೆಳಿಗ್ಗೆ ಎಂದಿನಂತೆ ಖಾಲಿ ಕುರ್ಚಿಯ ಹಿಂದೆ ನಿಂತು, ಕೈ ಚಾಚಿ, "ಕೈ ಇಡಲಾ?" ಎಂದ. ಕನ್ನಡಿಯಲ್ಲಿ ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಸ್ಕಾರ್ಫಿನ ಹುಡುಗಿ ನಿಂತಿದ್ದಳು. ರಸ್ತೆಯ ಆಚೆ ಬದಿಯಲ್ಲಿ ಅವಳ ತಾಯಿ ಕೈ ಕಟ್ಟಿಕೊಂಡು ಕಾವಲು ನಿಂತಿದ್ದಳು.

"ಯಾರನ್ನ ಕೇಳಿದ್ರಿ ಅಂಕಲ್?"

"ಕುರ್ಚಿನ," ಎಂದ ಅವನು, ಸಿಕ್ಕಿಬಿದ್ದ ಕಳ್ಳನ ಹಾಗೆ. "ದಿನಾ ಕೇಳ್ತೀನಿ. ಅಪ್ಪ ಹಾಕಿಕೊಟ್ಟ ಪದ್ಧತಿ."

ಹುಡುಗಿ ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. "ಕುರ್ಚಿನ ಕೇಳ್ತೀರ. ನನ್ನನ್ನ ಕೇಳ್ಲಿಲ್ಲ."

"ಇಲ್ಲಮ್ಮ. ಕೇಳ್ಲಿಲ್ಲ."

ಅವನು ಬೇರೆ ಸಮಜಾಯಿಷಿ ಏನಾದರೂ ಕೊಡಬಹುದೆಂದು ಅವಳು ಕಾದಂತಿತ್ತು. ಅವನು ಕೊಡಲಿಲ್ಲ. ಅವಳು ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಳು, ಒಳಗೆ ಬರಲಿಲ್ಲ.

"ನಾನು ಸೋಮವಾರ ಬರ್ತೀನಿ. ಆದ್ರೆ ನೀವು ಹಿಂದಿನ ಬೆಂಚಲ್ಲಿ ಕೂರಬಾರದು. ಮೊದಲನೇ ಬೆಂಚಲ್ಲಿ ಕೂರ್ಬೇಕು. ನಿಮ್ಮ ಕೈ ಎಲ್ಲಿದೆ ಅಂತ ನನಗೆ ಕಾಣ್ತಿರ್ಬೇಕು."

ಮೊದಲನೇ ಬೆಂಚು! ಬೆನ್ನ ಹಿಂದೆ ಇಡೀ ತರಗತಿ, ನೆತ್ತಿಯ ಮೇಲೆ ಅಷ್ಟೂ ಕಣ್ಣು. ಕತ್ತರಿಯಣ್ಣ ನೆತ್ತಿ ಸವರಿಕೊಂಡ. "ಆಗಲಮ್ಮ."

"ಇನ್ನೊಂದು. ನಾನು ಸುಮ್ಸುಮ್ಮನೆ ಕಿರಚಿದೆ ಅಂತ ಎಲ್ಲರೂ ನಗ್ತಿದಾರೆ. ಹುಚ್ಚಿ ಅಂತಿದಾರೆ. ಏನಾಯ್ತು, ಯಾರದು ತಪ್ಪು ಅಂತ ನೀವೇ ಎದ್ದು ನಿಂತು ಹೇಳ್ಬೇಕು. ಮೇಷ್ಟ್ರು ಹೇಳೋದಲ್ಲ. ನೀವು."

"ನಾನೇ ಹೇಳ್ತೀನಿ," ಎಂದ ಅವನು. ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿ ಅವನಿಗೆ ಗೊತ್ತೇ ಇರಲಿಲ್ಲ.

ಹುಡುಗಿ ಹೊರಟಳು. ತಾಯಿ ರಸ್ತೆಯ ಆಚೆಯಿಂದಲೇ, "ಸೋಮವಾರ ನಾನೂ ಕಾರಿಡಾರಲ್ಲಿ ನಿಂತು ಕೇಳಿಸ್ಕೋತೀನಿ!" ಎಂದು ಕೂಗಿ ಹೇಳಿ ಮಗಳ ಜೊತೆ ಹೋದಳು.

ಆ ರಾತ್ರಿಯಿಂದಲೇ ತಾಲೀಮು. ಹೆಂಡತಿ ತರಕಾರಿ ಹೆಚ್ಚುತ್ತ ತರಗತಿಯಾಗಿ ಕೂತಳು. ಅವನು ಎದ್ದು ನಿಂತ, ಕೆಮ್ಮಿದ, ಕೂತ.

"ಕೆಮ್ಮಿದ್ದು ಸಾಕು. ಮುಂದಿಂದು ಹೇಳ್ರಿ."

"ಹಿಂದಿನ ಬೆಂಚಲ್ಲಿ ಕೂತೇ ಹೇಳಿದ್ರೆ ಆಗಲ್ವಾ ಅಂತ ಯೋಚಿಸ್ತಿದೀನಿ."

"ಆಗುತ್ತೆ. ಸ್ಕಾರ್ಫ್ ಸುತ್ಕೊಂಡು ಮನೇಲೇ ಕೂತಿದ್ರೆ ಆ ಹುಡುಗಿಗೂ ಆಗ್ತಿತ್ತು."

ಅವನು ಮತ್ತೆ ಎದ್ದು ನಿಂತ.

ಭಾನುವಾರ ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಅದು ಕರಗುವ ಹೊತ್ತಿಗೆ ಇತಿಹಾಸದ ಮೇಷ್ಟ್ರು ಬಂದು ಹಳೆಯ ಕುರ್ಚಿಯಲ್ಲಿ ಕೂತರು. ಕತ್ತರಿಯಣ್ಣ ಅವರ ಕೊರಳಿಗೆ ಬಟ್ಟೆ ಕಟ್ಟಿ ಹಿಂದೆ ಹೋಗಿ ನಿಂತ. ಮೇಷ್ಟ್ರು ಕನ್ನಡಿಯಲ್ಲೇ ಅವನ ಮುಖ ಹುಡುಕಿದರು.

"ಆ ಹುಡುಗಿ ನನ್ನ ಹತ್ರನೂ ಬಂದಿದ್ಲು. ಎಲ್ಲ ಹೇಳಿದ್ಲು. ನೋಡು, ನಿನ್ನನ್ನ ಕಾಲೇಜಿಗೆ ಎಳೆದು ತಂದವನು ನಾನು. ನಿನ್ನ ವಯಸ್ಸಿಗೆ ಆ ಪಡ್ಡೆಗಳ ಮುಂದೆ ಎದ್ದು ನಿಂತು ತಪ್ಪು ಒಪ್ಕೊಳೋದು, ಮೊದಲನೇ ಬೆಂಚಲ್ಲಿ ತಲೆ ತಗ್ಗಿಸ್ಕೊಂಡು ಕೂರೋದು, ಇದೆಲ್ಲ ಯಾಕೆ? ನನಗೆ ನೋಡೋಕಾಗಲ್ಲ."

"ಮತ್ತೆ?"

"ಕ್ಲಾಸಿಗೆ ಬರ್ಲೇಬೇಡ. ಹಾಜರಿ ನಾನು ನೋಡ್ಕೋತೀನಿ. ನೀನು ಕಣ್ಣಿಗೆ ಬೀಳದಿದ್ರೆ ಅವಳಿಗೂ ನೆಮ್ಮದಿ, ಅವಳಮ್ಮನಿಗೂ ನೆಮ್ಮದಿ, ಕಮಿಟಿವರೆಗೆ ಹೋಗೋದೂ ತಪ್ಪುತ್ತೆ. ಪಾಠ ಎಲ್ಲ ಈ ಕುರ್ಚಿಲೇ ಕೂತು ಹೇಳ್ತೀನಿ. ಪರೀಕ್ಷೆಗೆ ಮಾತ್ರ ಬಂದು ಬರೆದು ಹೋಗು. ಡಿಗ್ರಿ ಡಿಗ್ರಿನೇ."

ತಮ್ಮನ ಕತ್ತರಿ ಪಕ್ಕದಲ್ಲಿ ಸದ್ದು ನಿಲ್ಲಿಸಿತು. ಕತ್ತರಿಯಣ್ಣ ಬಾಚಣಿಗೆಯನ್ನು ಅಂಗೈಗೆ ಉಜ್ಜುತ್ತ ನಿಂತ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಎದ್ದು ನಿಲ್ಲುವುದು ತಪ್ಪುತ್ತದೆ. ಬೋಳು ನೆತ್ತಿ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಸೀಟು ಇರುತ್ತದೆ. ಆದರೆ ಹುಡುಗಿ ಬಾಗಿಲಿಂದ ಒಳಗೆ ಬಂದು ಮೊದಲನೇ ಬೆಂಚು ನೋಡುತ್ತಾಳೆ, ಅದು ಖಾಲಿ ಇರುತ್ತದೆ. ಅವಳು ಸುಮ್ಮನೆ ಕಿರಚಿದಳೆಂಬ ಮಾತು ಹಾಗೇ ಉಳಿಯುತ್ತದೆ.

ಮೇಷ್ಟ್ರು ಅವನ ಮೌನವನ್ನು ಒಪ್ಪಿಗೆ ಎಂದುಕೊಂಡರು. "ಆ ಯುದ್ಧದ್ದು ಬೇರೆ ಬಾಕಿ ಇದೆಯಲ್ಲ ನಿಂದು! ಅವತ್ತು ನಿಂತಿದ್ದು ನಿಂತೇ ಹೋಯ್ತು, ಆಮೇಲೆ ನಾನು ಆ ಪಾಠ ಮುಂದುವರಿಸಿಲ್ಲ. ತಗೋ, ಈಗಲೇ ಹೇಳಿಬಿಡ್ತೀನಿ. ತಮ್ಮನ ಸೈನ್ಯ ಹೊಳೆಯ ನಡುವೆ ಇದೆ. ನೀರು ಸೊಂಟಕ್ಕೆ ಬಂದಿದೆ. ಅಷ್ಟರಲ್ಲಿ ಆಚೆ ದಡದಲ್ಲಿ ಅಣ್ಣ..."

"ಬೇಡ ಮೇಷ್ಟ್ರೇ," ಎಂದ ಕತ್ತರಿಯಣ್ಣ.

ಮೇಷ್ಟ್ರು ಬಾಯಿ ತೆರೆದವರು ಹಾಗೇ ಕನ್ನಡಿಯಲ್ಲಿ ನೋಡಿದರು.

"ಹಾಜರಿನೂ ಬೇಡ, ಯುದ್ಧಾನೂ ಇಲ್ಲಿ ಬೇಡ. ನಾಳೆ ಮೊದಲನೇ ಬೆಂಚಲ್ಲಿ ಕೂತು ಕೇಳ್ತೀನಿ. ಅಲ್ಲಿಂದ ಹಲಗೆ ಚೆನ್ನಾಗಿ ಕಾಣುತ್ತೆ." ಅವನು ಕತ್ತರಿ ಎತ್ತಿಕೊಂಡ. ಇನ್ನೊಂದು ಕೈ ಮೇಷ್ಟ್ರ ತಲೆಯ ಹತ್ತಿರ ಬಂದು, ತಾಗದೆ, ಗಾಳಿಯಲ್ಲಿ ನಿಂತಿತು. "ಕೈ ಇಡಲಾ?"